ಏಳು ದಿನದ ಲೆನ್ಸು

ಲೆನ್ಸು ಮನೆಗೆ ಬಂದದ್ದು ಸೋಮವಾರ. ಮಾರಿದವನು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದ: "ಏಳು ದಿನ ಪರೀಕ್ಷೆ ಮಾಡಿ ನೋಡಿ ಸಾರ್. ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತನ್ನಿ. ಎಂಟನೇ ದಿನ ಬಂದ್ರೆ ಮಾತ್ರ ನೀವ್ಯಾರೋ ನಾನ್ಯಾರೋ."

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕನ್ನಡಕದ ಯಜಮಾನರಿಗೆ ಎಲ್ಲಿಲ್ಲದ ಹುರುಪು. ಮೂವತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡು, ಊರಿನ ಅರ್ಧ ಮೂಗುಗಳ ಮೇಲೆ ಗಾಜು ಕೂರಿಸಿದ ಮನುಷ್ಯ. ಲೆನ್ಸಿನ ವಿಷಯದಲ್ಲಿ ತನಗೆ ಯಾರೂ ಟೋಪಿ ಹಾಕಲಾರರು ಎಂಬ ಭರವಸೆ ಅವರಿಗಿತ್ತು. ಹಾಗೆ ಭರವಸೆ ಇದ್ದವರಿಗೇ ಲೋಕ ಟೋಪಿ ಹೊಲಿದು ಇಟ್ಟಿರುತ್ತದೆ, ಆ ಮಾತು ಬೇರೆ.

ಲೆನ್ಸು ಗೇಣುದ್ದ, ಪೂರಾ ಲೋಹದ್ದು, ಕೈಯಲ್ಲಿ ಹಿಡಿದರೆ ಒರಳಿನ ಗುಂಡಿನಷ್ಟು ಭಾರ. ಕ್ಯಾಮೆರಾಕ್ಕೆ ಹಾಕಿ ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಲೆನ್ಸು. ಉಂಗುರ ಹಿಂದಕ್ಕೆಳೆದರೆ ಎದುರು ಮನೆಯ ಕಿಟಕಿ ಮೂಗಿಗೆ ಬರುತ್ತದೆ, ಮುಂದಕ್ಕೆ ತಳ್ಳಿದರೆ ಬೀದಿಯೆಲ್ಲ ಕಾಣುತ್ತದೆ. ಅವರ ಮದುವೆಗಿಂತ ಹಿಂದಿನ ಮಾಲು. ಯಜಮಾನರು ಟಾರ್ಚ್ ಬಿಟ್ಟು ಒಳಗೆ ಬೂಸ್ಟು ಹಿಡಿದಿದೆಯೇ ಎಂದು ಇಣುಕಿದರು, ಉಂಗುರ ತಿರುಗಿಸಿ ಕಿವಿ ಹತ್ತಿರ ಹಿಡಿದು ಮರಳು ಸದ್ದು ಬರುತ್ತದೆಯೇ ಎಂದು ಕೇಳಿದರು, ಬಗ್ಗಿಸಿ ಹಿಡಿದು ಉಂಗುರ ತಾನಾಗಿ ಜಾರುತ್ತದೆಯೇ ಎಂದು ನೋಡಿದರು.

"ನನ್ನ ನೋಡೋಕೆ ಬಂದಾಗ್ಲೂ ಇಷ್ಟು ನೋಡಿರ್ಲಿಲ್ಲ ಇವ್ರು" ಎಂದಳು ಹೆಂಡತಿ, ಬಟ್ಟೆ ಮಡಚುತ್ತ.

ಅದೇ ಸೋಮವಾರ ಅವರು ಮಗಳಿಗೂ ಒಂದು ಗಡುವು ಕೊಟ್ಟಿದ್ದರು. ಮಗಳು ಕಣ್ಣಿನ ಪರೀಕ್ಷೆಯದೇ ಓದು ಓದಿ, ಮೂರು ವರ್ಷ ಕಣ್ಣಾಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದವಳು. "ನೋಡು ಪುಟ್ಟಿ, ಭಾನುವಾರದೊಳಗೆ ಹೇಳ್ಬಿಡು. ಅಂಗಡಿಗೆ ಬರ್ತೀಯೋ ಇಲ್ವೋ. ನನ್ನ ನಂತ್ರ ಅದನ್ನ ನೋಡ್ಕೊಳ್ಳೋರು ನಿನ್ನ ಬಿಟ್ರೆ ಇನ್ಯಾರಿದ್ದಾರೆ?" ಎಂದಿದ್ದರು. ಅಂಗಡಿಯ ಷಟರ್ ಎಳೆದು ಬೀಗ ಹಾಕಿ ಮನೆಯಲ್ಲಿ ಕೂರುವ ದಿನವನ್ನು ನೆನೆದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ಆದರೆ ಮಗಳು ಒಲ್ಲೆ ಎಂದಾಳು ಎಂಬ ಅನುಮಾನ ಎಳ್ಳಷ್ಟೂ ಇರಲಿಲ್ಲ. ಅವಳ ಕುರ್ಚಿ ಎಲ್ಲಿ ಹಾಕಬೇಕೆಂದು ಆಗಲೇ ಟೇಪು ಹಿಡಿದು ಅಳೆದೂ ಆಗಿತ್ತು: ತಮ್ಮ ಕುರ್ಚಿಯ ಎಡಕ್ಕೆ, ಸ್ವಲ್ಪ ಹಿಂದೆ.

ದಿನಾ ಸಂಜೆ ನಾಲ್ಕೂವರೆಗೆ, ಬಿಸಿಲು ಒಂದೇ ಹದದಲ್ಲಿರುವಾಗ, ಯಜಮಾನರು ತಾರಸಿ ಹತ್ತಿ ಮೂರು ಕಾಲಿನ ಸ್ಟ್ಯಾಂಡ್ ಹೂಡಿ ಕ್ಯಾಮೆರಾ ಕೂರಿಸುತ್ತಿದ್ದರು. ಗುರಿ, ಎರಡು ಬೀದಿ ಆಚೆಯ ಮೂರಂತಸ್ತಿನ ಕಟ್ಟಡದ ಬಿಳಿ ಗೋಡೆ. ಅಲ್ಲೊಬ್ಬ ಪೇಂಟರ್ ಹಲಗೆ ಕಟ್ಟಿಕೊಂಡು ಕೂತು ದೊಡ್ಡ ದೊಡ್ಡ ಅಕ್ಷರ ಬರೆಯುತ್ತಿದ್ದ. ಯಜಮಾನರಿಗೆ ಸ್ವರ್ಗ ಮೂರೇ ಗೇಣು. ಬಿಳಿಯ ಮೇಲೆ ಕಡು ನೀಲಿ, ಹೊಸ ಬಣ್ಣ, ಚೂರಿಯಿಂದ ಕೊಯ್ದಂಥ ಅಂಚು! ಲೆನ್ಸು ಪರೀಕ್ಷಿಸಲು ಇದಕ್ಕಿಂತ ಇನ್ನೇನು ಬೇಕು?

ಆಮೇಲೆ ಕೆಳಗಿಳಿದು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಹಿಗ್ಗಿಸುತ್ತಿದ್ದರು. ಎಷ್ಟು ಹಿಗ್ಗಿಸುತ್ತಿದ್ದರೆಂದರೆ ಇಡೀ ಪರದೆಗೆ ಅರ್ಧ ಅಕ್ಷರ. ಮಂಗಳವಾರ 'ಕ'ದ ತಲೆಕಟ್ಟು ನೋಡಿದರು. ಬುಧವಾರ 'ಣ'ದ ಒತ್ತಿನ ಬಾಲವನ್ನು ಇಪ್ಪತ್ತು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ನಡೂ ಮಧ್ಯ ಪರವಾಗಿಲ್ಲ, ಅಂಚಲ್ಲಿ ಯಾಕೋ ಮಂಜು" ಎಂದು ಪುಸ್ತಕದಲ್ಲಿ ಬರೆದರು. ಗುರುವಾರ ಒಂದು ಗುಡಿಸು, ಒಂದು ಕೊಂಬು. ಅಕ್ಷರವೆಂದರೆ ಅವರಿಗೆ ಚೂಪೋ ಮೊಂಡೋ ಎಂದು ಅಳೆಯುವ ಸಾಮಾನು. ಅದನ್ನು ಓದುವುದು ಗಿರಾಕಿಗಳ ಕೆಲಸ.

ಮಗಳು ಬುಧವಾರವೇ ತಾರಸಿಗೆ ಬಂದಿದ್ದಳು. "ಅಪ್ಪಾ, ನಿಮ್ಮತ್ರ ಒಂದು ಮಾತು."

"ಅಲುಗಾಡ್ಬೇಡ! ಸ್ಟ್ಯಾಂಡ್ ನಡುಗುತ್ತೆ."

"ಆ ಕಟ್ಟಡ ಇದ್ಯಲ್ಲ, ಅಲ್ಲಿ..." ಎಂದು ಅವಳು ಕೈಚಾಚಿದಳು.

"ಎಡಕ್ಕೆ ಸರಿಯೇ ತಾಯಿ, ಅಡ್ಡ ನಿಂತಿದ್ದೀಯ."

ಅವಳು ಎಡಕ್ಕೆ ಸರಿದಳು, ಐದು ನಿಮಿಷ ನಿಂತಳು, ಇಳಿದು ಹೋದಳು. ಗುರುವಾರ ಊಟಕ್ಕೆ ಕೂತಾಗ ಬಾಯಿ ತೆರೆದಳು. ಯಜಮಾನರು ಲೆನ್ಸಿನೊಳಗಿನ ಗಾಜುಗಳೆಷ್ಟು, ಯಾವ ಗಾಜಿನಲ್ಲಿ ಮಂಜು ಕೂರಬಹುದು ಎಂದು ಮಜ್ಜಿಗೆ ಲೋಟದವರೆಗೂ ವಿವರಿಸಿದರು. ಶುಕ್ರವಾರ ಅಂಗಡಿಗೇ ಹೋದಳು. "ಉತ್ತರ ಭಾನುವಾರ ಹೇಳು, ನಂಗೇನೂ ಅವಸರ ಇಲ್ಲ" ಎಂದು ದೊಡ್ಡ ಮನಸ್ಸಿನಿಂದ ಸಾಗಹಾಕಿದರು.

ಶನಿವಾರ ಸಂಜೆ ಯಜಮಾನರ ಪಿತ್ತ ನೆತ್ತಿಗೇರಿತು. ಪೇಂಟರ್ ಆವತ್ತು ಕೆಳಗಡೆ ಸಣ್ಣ ಅಕ್ಷರದ ಸಾಲೊಂದನ್ನು ಬರೆದು ಹಲಗೆ ಬಿಚ್ಚಿಕೊಂಡು ಹೋಗಿದ್ದ. ಲೆನ್ಸಿಗೆ ಇದೇ ಕೊನೇ ಪರೀಕ್ಷೆ. ಚಿತ್ರ ಹಿಗ್ಗಿಸಿದರೆ ಸಾಲಿಗೆ ಸಾಲೇ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದೆ! ಪರದೆ ಒರೆಸಿದರು, ಕನ್ನಡಕ ಒರೆಸಿದರು. ಹಾಲು ಹೋಗಲಿಲ್ಲ.

"ಬನ್ರೇ ಇಲ್ಲಿ ಇಬ್ರೂ! ಆ ಲೆನ್ಸಿನವನು ನನಗೇ ಟೋಪಿ ಹಾಕಿದ್ದಾನೆ, ನೋಡಿ. ನಾಳೆ ಬೆಳಿಗ್ಗೆ ಅವನ ಮುಖಕ್ಕೆ ಎಸೆದು ಬರ್ತೀನಿ. ಈ ಕೆಳಗಿನ ಸಾಲು ಯಾರಾದ್ರೂ ಓದಕ್ಕಾಗುತ್ತಾ?"

ಮಗಳು ಬಾಗಿಲಲ್ಲೇ ನಿಂತಿದ್ದಳು. ಅಲ್ಲಿಂದಲೇ ಓದಿದಳು. "ಉದ್ಘಾಟನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಎಲ್ಲರಿಗೂ ಸ್ವಾಗತ."

"ಯಾರದ್ದು ಉದ್ಘಾಟನೆ?"

ಅವಳು ಬಂದು ಒಂದು ಗುಂಡಿ ಒತ್ತಿದಳು. ಆರು ದಿನದಲ್ಲಿ ಮೊದಲ ಸಲ ಇಡೀ ಗೋಡೆ ಪರದೆಯ ಮೇಲೆ ಬಂತು. 'ಕಣ್ಣಿನ ಪರೀಕ್ಷಾ ಕೇಂದ್ರ.' ಅದರ ಕೆಳಗೆ ಒಂದು ಹೆಸರು. ಆ ಹೆಸರನ್ನು ಇಪ್ಪತ್ತೇಳು ವರ್ಷದ ಹಿಂದೆ ಹಟ ಮಾಡಿ ಇಟ್ಟವರು ಯಜಮಾನರೇ.

ಮಗಳು ಇಲ್ಲ ಎಂದಿದ್ದಾಳೆ, ಅದೂ ಆಳೆತ್ತರದ ಅಕ್ಷರದಲ್ಲಿ, ಅದೂ ಊರಿಗೆಲ್ಲ ಕಾಣುವ ಹಾಗೆ, ಮತ್ತು ಆ 'ಇಲ್ಲ'ದ ಒಂದೊಂದು ಒತ್ತನ್ನೂ ತಾವೇ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಾರೆ. ಒಳಗೆ ಉಕ್ಕಿದ್ದು ಸಿಟ್ಟೆಂದು ಅವರು ತಿಳಿದರು. ಸಿಟ್ಟಲ್ಲ, ಅಳು.

"ನನಗೊಂದು ಮಾತು ಹೇಳ್ಲಿಲ್ಲವಲ್ಲೇ."

"ಮೂರು ಸಲ ಬಂದೆ ಅಪ್ಪಾ. ಗೋಡೆ ತೋರಿಸಿದ್ರೆ, ಅಡ್ಡ ನಿಂತಿದ್ದೀಯ, ಎಡಕ್ಕೆ ಸರಿ ಅಂದ್ರಿ." ಅವಳು ಪರದೆ ಬಿಟ್ಟು ಅಪ್ಪನ ಕಡೆ ತಿರುಗಿದಳು. "ನಿಮ್ಮ ಅಂಗಡಿ ಮೇಲೆ ನನಗೇನೂ ಬೇಜಾರಿಲ್ಲ. ಆದ್ರೆ ಅಲ್ಲಿ ನನಗೆ ಐವತ್ತಾದ್ರೂ ನಾನು ಪುಟ್ಟೀನೇ. ನಾನು ನೋಡಿದ ಕಣ್ಣನ್ನ ನೀವು ಮತ್ತೊಂದು ಸಲ ನೋಡಿಯೇ ಬಿಡ್ತೀರಿ."

"ನೋಡ್ದೆ ಏನು? ಅನುಭವ ಬೇಡ್ವಾ?"

"ಅನುಭವ!" ಎಂದಳು ಹೆಂಡತಿ. ಮಡಚಿದ ಟವಲನ್ನು ಕುರ್ಚಿಗೆ ಎಸೆದಳು. "ರೀ, ಅವಳು ಬಾಗಿಲಲ್ಲಿ ನಿಂತು ಓದಿದ ಸಾಲನ್ನ ನೀವು ಪರದೆಗೆ ಮೂಗು ಒತ್ತಿದ್ರೂ ಓದಕ್ಕಾಗ್ಲಿಲ್ಲ. ನನಗೂ ಇಲ್ಲಿಂದ ಕಾಣುತ್ತೆ, ಚೆನ್ನಾಗೇ ಕಾಣುತ್ತೆ. ಹೋದ್ ವರ್ಷ ಟ್ಯೂಬ್‌ಲೈಟ್ ಸರಿಯಿಲ್ಲ ಅಂದ್ರಿ, ಬದಲಾಯಿಸಿದ್ದಾಯ್ತು. ಪೇಪರ್‌ನೋರು ಶಾಯಿ ಉಳಿಸ್ತಾರೆ ಅಂದ್ರಿ. ಈಗ ಲೆನ್ಸು. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ!"

ಮಗಳು ಅಪ್ಪನ ಮುಖವನ್ನು ದಿಟ್ಟಿಸುತ್ತಿದ್ದಳು. ಮಗಳು ಅಪ್ಪನನ್ನು ನೋಡುವ ನೋಟ ಅದಲ್ಲ. ಮೂವತ್ತೆರಡು ವರ್ಷ ಯಜಮಾನರು ಎದುರು ಕೂತ ಗಿರಾಕಿಯನ್ನು ನೋಡಿದ್ದರಲ್ಲ, ಅಂಥದ್ದು.

"ಕೊನೇ ಸಲ ಯಾವಾಗ ಟೆಸ್ಟ್ ಮಾಡಿಸ್ಕೊಂಡ್ರಿ ಅಪ್ಪಾ?"

"ನನಗ್ಯಾಕೆ ಟೆಸ್ಟು? ನಾನೇ ಟೆಸ್ಟ್ ಮಾಡೋನು" ಎಂದು ಯಜಮಾನರು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಲೆನ್ಸನ್ನು ಡಬ್ಬಿಗೆ ಹಾಕಿ ಮಾರಿದವನ ಕಡೆಗೆ ಹೊರಟರು. ಅವನ ಅಂಗಡಿ ಬಲಕ್ಕೆ. ಬೀದಿ ತುದಿಯಲ್ಲಿ ನಿಂತರು, ನಿಂತೇ ನಿಂತರು, ಕೊನೆಗೆ ಎಡಕ್ಕೆ ತಿರುಗಿದರು. ಒಂಬತ್ತೂ ಕಾಲಿಗೆ ಆ ಮೂರಂತಸ್ತಿನ ಕಟ್ಟಡದ ಮೆಟ್ಟಿಲು ಹತ್ತಿದಾಗ ಮಗಳು ಒಬ್ಬಳೇ ನೆಲ ಒರೆಸುತ್ತಿದ್ದಳು. ಅಪ್ಪನನ್ನು ಕಂಡು ಸೊಂಟಕ್ಕೆ ಸಿಕ್ಕಿಸಿದ್ದ ದುಪಟ್ಟಾ ಬಿಚ್ಚಿಕೊಂಡಳು.

"ಜಾಗ ಸಣ್ಣದು" ಎಂದರು ಯಜಮಾನರು.

"ಹ್ಞೂಂ."

"ಬೆಳಕು ಪರವಾಗಿಲ್ಲ."

"ಕೂತ್ಕೊಳ್ಳಿ ಅಪ್ಪಾ."

ಇದ್ದದ್ದು ಗಿರಾಕಿಯ ಕುರ್ಚಿ ಒಂದೇ. ಯಜಮಾನರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಇದೆಲ್ಲ ತಮಾಷೆ ಎಂಬಂತೆ ಕೂತರು. ಮಗಳು ದೀಪ ಹಾಕಿದಳು. ಎದುರು ಗೋಡೆಯ ಚಾರ್ಟು ಬೆಳಗಿತು. ಅವರ ಒಂದು ಕಣ್ಣಿಗೆ ಮುಚ್ಚಳ ಕೊಟ್ಟು, "ಎಲ್ಲೀವರೆಗೆ ಕಾಣುತ್ತೋ ಓದಿ" ಎಂದಳು.

"ಕೊನೇ ಸಾಲೇ ಓದ್ತೀನಿ, ತಗೋ. ಗ, ಟ, ರ, ಪ, ಲ, ಚ." ನೀರು ಕುಡಿದ ಹಾಗೆ ಹೇಳಿ ಮುಗಿಸಿದರು. "ಇನ್ನೊಂದು ಕಣ್ಣಲ್ಲೂ ಹೇಳ್ಲಾ? ಗ, ಟ, ರ..."

ಮಗಳು ಅವರ ಪಕ್ಕದಲ್ಲೇ ಮಂಡಿಯೂರಿ ಕೂತಳು. ಕೈ ಹಿಡಿದುಕೊಂಡಳು.

"ಅಪ್ಪಾ. ಅದು ನಿಮ್ಮ ಅಂಗಡಿ ಚಾರ್ಟು. ಇದು ಬೇರೆ."

ಯಜಮಾನರು ಎದುರಿನ ಬೆಳಕಿನ ಹಲಗೆಯನ್ನು ನೋಡಿದರು. ಕೊನೆಯ ಸಾಲು ಇರಬೇಕಾದ ಕಡೆ ಹಾಲು. ಅದರ ಮೇಲಿನ ಸಾಲೂ ಹಾಲು. ಬೀದಿಯಲ್ಲಿ ಯಾರೋ ಮೆಟ್ಟಿಲು ಯಾವ ಕಡೆಯೆಂದು ವಿಚಾರಿಸುತ್ತಿದ್ದರು, ಮೊದಲ ಗಿರಾಕಿಗಳಿರಬೇಕು.

"ಸರಿ ಹಾಗಾದ್ರೆ, ಡಾಕ್ಟ್ರಮ್ಮ" ಎಂದರು ಯಜಮಾನರು, ಮಗಳ ಕೈ ಬಿಡದೆ. "ಮೇಲಿನ ಸಾಲಿಂದ ಕೇಳಿ."