ಹಾಸು ಮತ್ತು ಗುಂಡಿ

ಮಾನ್ಯ ಓದುಗ ಮಹನೀಯರೇ, ಬಸ್ ನಿಲ್ದಾಣಗಳಲ್ಲಿ ಮಾರುವ ಪತ್ತೇದಾರಿ ಕಾದಂಬರಿಗಳಲ್ಲಿ ಅಪರಾಧಿ ಯಾರೆಂಬುದು ಕೊನೆಯ ಪುಟದವರೆಗೂ ತಿಳಿಯದು. ಇಲ್ಲಿ ಆ ಕುತೂಹಲಕ್ಕೆ ಎಡೆಯಿಲ್ಲ. ಅಪರಾಧಿ ನಾನೇ ಎಂಬುದನ್ನು ಆರಂಭದಲ್ಲಿಯೇ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಂಡು ಮುಂದುವರಿಯುತ್ತೇನೆ.

ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಒಳಗೆ ಬಂದಾಗ ನಾನು ತೊಟ್ಟಿಯ ಮುಂದೆ ನಿಂತು ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದೆ. ಕೋಳಿಗಳ ರೋಗ ಪರೀಕ್ಷಿಸುವ ಆ ಪುಟ್ಟ ಪ್ರಯೋಗಾಲಯದಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದ ಆ ಪರೀಕ್ಷಕಿಯದು ಇಪ್ಪತ್ತೆರಡು ವರ್ಷದ ಸೇವೆ. ತೊಳೆಯುವವನಾಗಿ ನನ್ನದು ಹನ್ನೊಂದು ತಿಂಗಳು. ದಪ್ಪ ಗಾಜಿನ ಹಿಂದೆ ಅವರ ಕಣ್ಣುಗಳು ಎರಡರಷ್ಟಾಗಿ ಕಾಣುತ್ತಿದ್ದವು.

"ಹೇಗಿದೆಯೋ, ಕಾದಂಬರಿ?" ಎಂದರು. ಬಿಡುವು ಸಿಕ್ಕಾಗಲೆಲ್ಲ ಪುಸ್ತಕ ಹಿಡಿದು ಕೂರುವ ನನಗೆ ಅಲ್ಲಿನವರು ಇಟ್ಟ ಹೆಸರು ಅದು.

"ಗೂಬೆ ಥರ ಕಾಣ್ತೀರಿ, ಅಕ್ಕಾ."

"ಗೂಬೆಗೆ ಕಣ್ಣಾದರೂ ನೆಟ್ಟಗಿರುತ್ತೆ ಬಿಡು."

ನಗಬೇಕಾದ ಮಾತು. ನನ್ನ ಕೈಯಲ್ಲಿದ್ದ ನಳಿಗೆ ಜಾರಿ ತೊಟ್ಟಿಯೊಳಗೆ ಬಿತ್ತು. ಅಕ್ಕನ ಕಣ್ಣು ಮೊದಲೂ ನೆಟ್ಟಗೇ ಇತ್ತೆಂಬುದು ಆ ಕಟ್ಟಡದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅಲ್ಲಿ ತೀರ್ಪಿಗೆ ಇದ್ದದ್ದು ಎರಡೇ ಶಬ್ದ: ಹಾಸು, ಗುಂಡಿ. ಸತ್ತ ಕೋಳಿಯ ಗಂಟಲಿನ ದ್ರವವನ್ನು ಮೊಟ್ಟೆಯೊಳಗೆ ಚುಚ್ಚಿ, ಮೂರು ದಿನ ಕಾವು ಕೊಟ್ಟು, ಆ ಮೊಟ್ಟೆಯ ನೀರನ್ನು ತಟ್ಟೆಯ ಎಂಟು ಕುಳಿಗಳಲ್ಲಿ ಹಂತಹಂತವಾಗಿ ತೆಳುಮಾಡಿ, ಪ್ರತಿಯೊಂದಕ್ಕೂ ಆರೋಗ್ಯವಂತ ಕೋಳಿಯ ರಕ್ತಕಣಗಳನ್ನು ಬೆರೆಸುತ್ತಿದ್ದರು. ಫ್ಲೂ ವೈರಸ್ ಇದ್ದರೆ ಕೆಂಪು ಕಣಗಳು ಒಂದಕ್ಕೊಂದು ಹೆಣೆದುಕೊಂಡು ಕುಳಿಯ ತುಂಬ ತೆಳ್ಳಗೆ ಹರಡುವವು, ಅದು ಹಾಸು. ಇಲ್ಲದಿದ್ದರೆ ತಳಕ್ಕೆ ಜಾರಿ, ಅಂಗಿಯ ಗುಂಡಿಯಂತೆ ನಡುವೆ ದುಂಡಗೆ ಕೂರುವವು. ಗುಂಡಿ ಕಂಡರೆ ಕೋಳಿಗಳು ಬದುಕಿದಂತೆ.

"ವೈರಸ್ಸಿನ ಮೈತುಂಬ ಮುಳ್ಳು ಕಣೋ, ಅದರಲ್ಲಿ ಎರಡು ಜಾತಿ," ಎಂದು ನಾನು ಕೆಲಸಕ್ಕೆ ಸೇರಿದ ವಾರವೇ ಅಕ್ಕ ವಿವರಿಸಿದ್ದರು. "ಒಂದು ಕೈ, ಇನ್ನೊಂದು ಕತ್ತರಿ. ಜೀವಕೋಶದ ಹೊರಗೆ ಸಕ್ಕರೆಯ ಸಣ್ಣ ಸಣ್ಣ ಎಳೆ ಇರ್ತವೆ. ಕೈ ಹೋಗಿ ಆ ಎಳೆಯ ತುದಿ ಹಿಡ್ಕೊಳ್ಳುತ್ತೆ. ಕೋಳಿಯ ಎಳೆಯ ತುದಿಯೇ ಬೇರೆ, ಮನುಷ್ಯರದೇ ಬೇರೆ. ತನಗೆ ಒಗ್ಗಿದ್ದನ್ನ ಮಾತ್ರ ಗಟ್ಟಿಯಾಗಿ ಹಿಡಿಯೋದು. ಹಿಡಿದ ಮೇಲೆ ಒಳಗೆ ಹೋಗೋದು."

"ಮತ್ತೆ ಕತ್ತರಿ ಯಾಕೆ?"

"ಒಳಗೆ ನೂರಾರು ಮರಿ ಹುಟ್ಟಿ ಹೊರಗೆ ಬರ್ತವಲ್ಲ, ಅವೂ ಅದೇ ಎಳೆಗೆ ಸಿಕ್ಕಿ ಹಾಕ್ಕೊಳ್ತವೆ. ಕತ್ತರಿಸದೆ ಇದ್ದರೆ ಮುಂದಿನ ಮನೆ ಸೇರೋದು ಹೇಗೆ? ನಿನ್ನ ಥರಾನೇ. ಬರೋದು, ಅಂಟೋದು, ಕಿತ್ಕೊಂಡು ಹೋಗೋದು. ಇದು ನಿನಗೆ ಎಷ್ಟನೇ ಊರು?"

ಹದಿನಾಲ್ಕನೆಯದು ಎಂದಿದ್ದೆ. ಇಬ್ಬರೂ ನಕ್ಕಿದ್ದೆವು.

ರಕ್ತಕಣದ ಮೇಲೂ ಅದೇ ಎಳೆಗಳಿರುವುದರಿಂದ ಹಾಸು ಮೂಡುತ್ತದೆ. ಆದರೆ ತಟ್ಟೆಯನ್ನು ಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಕತ್ತರಿ ಕೆಲಸಕ್ಕೆ ತೊಡಗಿ ಎಳೆಗಳನ್ನು ಕಡಿದುಹಾಕುತ್ತದೆ. ಹಾಸು ಕಳಚಿ ಗುಂಡಿಯಾಗುತ್ತದೆ. ಆದ್ದರಿಂದ ಹೊತ್ತಿಗೆ ಸರಿಯಾಗಿ ನೋಡಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಇದನ್ನೂ ಅಕ್ಕ ಹೇಳಿದ್ದರು.

ಎರಡು ತಿಂಗಳ ಹಿಂದೆ, ಕೋಳಿ ಸಾಕುತ್ತಿದ್ದ, ಊರೆಲ್ಲ ಕೋಳಿಯಮ್ಮ ಎನ್ನುತ್ತಿದ್ದ ಹೆಂಗಸಿನ ಶೆಡ್ಡಿನಲ್ಲಿ ಸತ್ತ ಕೋಳಿಗಳ ತಟ್ಟೆ ಹಾಕಿದ ಬೆಳಗ್ಗೆ, ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಅಕ್ಕನನ್ನು ಮಹಡಿಗೆ ಕರೆಸಿದರು. "ಅರ್ಧ ಗಂಟೆ ಆದ ತಕ್ಷಣ ಫ್ರಿಜ್ಜಿಗೆ ಇಡು, ಮರೀಬೇಡ," ಎಂದು ಹೇಳಿ ಅಕ್ಕ ಹೋದರು. ನನ್ನ ಕಾದಂಬರಿಯಲ್ಲಿ ನಲವತ್ತು ಪುಟಗಳು ಉಳಿದಿದ್ದವು. ಹಾಲಿಗೆ ವಿಷ ಬೆರೆಸಿದವರು ಯಾರೆಂದು ತಿಳಿಯಬೇಕಾಗಿತ್ತು. ತಲೆಯೆತ್ತಿದಾಗ ಎರಡು ಗಂಟೆ ಕಳೆದಿತ್ತು. ಕಿಟಕಿಯ ಬಿಸಿಲು ಮೇಜಿನುದ್ದಕ್ಕೂ ಸರಿದು ತಟ್ಟೆಯ ಮೇಲೆ ಬಂದು ಕೂತಿತ್ತು. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಕೇಳಿದೊಡನೆ ತಟ್ಟೆಯನ್ನು ಫ್ರಿಜ್ಜಿನೊಳಕ್ಕೆ ತಳ್ಳಿದೆ. ಅಕ್ಕ ಟೀ ಕುಡಿದು, ಗೌನು ತೊಟ್ಟು, ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ತಟ್ಟೆ ತಣ್ಣಗಾಗಿತ್ತು.

"ಹೊತ್ತಿಗೆ ಸರಿಯಾಗಿ ಇಟ್ಟೆಯಾ?"

"ಹೂಂ, ಅಕ್ಕಾ."

ಎಂಟು ಕುಳಿಗಳಲ್ಲೂ ಗುಂಡಿ. ಹೋಲಿಕೆಗೆಂದು ಹಾಕಿದ್ದ ಪಕ್ಕದ ಸಾಲಿನಲ್ಲಿ ಹಾಸು ಇದ್ದಂತೆಯೇ ಇತ್ತು. ಅದು ಔಷಧ ಹಾಕಿ ಕೊಂದಿಟ್ಟ ಹಳೆಯ ವೈರಸ್ಸು, ಅದರ ಕೈ ಉಳಿದು ಕತ್ತರಿ ಮೊಂಡಾಗಿತ್ತು. ಆ ಸಾಲನ್ನು ಕಂಡ ಅಕ್ಕನಿಗೆ ಸಂಶಯ ಬರಲಿಲ್ಲ. ರೋಗ ಇಲ್ಲವೆಂದು ಬರೆದು ಸಹಿ ಹಾಕಿದರು.

ಕೋಳಿಯಮ್ಮ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋಗಿ, ಉಳಿದ ಕೋಳಿಗಳಲ್ಲಿ ಅರ್ಧವನ್ನು ತಂಗಿಯ ಶೆಡ್ಡಿಗೆ ಬಿಟ್ಟಳು. ಹತ್ತು ದಿನಗಳಲ್ಲಿ ಆ ಬೀದಿಯ ಏಳು ಶೆಡ್ಡುಗಳು ಬರಿದಾದವು. ಯಂತ್ರ ತಂದು ಗುಂಡಿ ತೋಡಿ, ಸತ್ತವುಗಳ ಜೊತೆಗೆ ಇನ್ನೂ ಸಾಯದವನ್ನೂ ಕೊಂದು ಹಾಕಿ, ಮೇಲೆ ಸುಣ್ಣ ಸುರಿದರು. ತಟ್ಟೆಯಲ್ಲಿ ಕೂರುವುದಕ್ಕೂ ನೆಲದಲ್ಲಿ ತೋಡುವುದಕ್ಕೂ ಒಂದೇ ಹೆಸರೆಂಬುದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಡೀಪ್ ಫ್ರೀಜರಿನಲ್ಲಿ ಉಳಿದಿದ್ದ, ಆ ದಿನದ ಅದೇ ಮೊಟ್ಟೆಯ ನೀರನ್ನು ಸಾಹೇಬರು ತಾವೇ ಪರೀಕ್ಷಿಸಿದಾಗ ಆರು ಕುಳಿಗಳವರೆಗೆ ಹಾಸು ಬಂತು. ತಟ್ಟೆ ನೋಡಿದ ಅಕ್ಕನ ಕಣ್ಣೇ ತಪ್ಪಿದೆಯೆಂದು ತೀರ್ಮಾನವಾಯಿತು. ಕೋಳಿಯಮ್ಮ ಒಂದು ದಿನ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು.

"ತಪ್ಪು ನಂದಲ್ಲ ಅಂತ ಒಂದು ಕಾಗದ ಬರೆದು ಕೊಡ್ರಮ್ಮ. ತಂಗಿ ನನ್ನ ಮುಖಾನೂ ನೋಡ್ತಿಲ್ಲ. ಬೇಕೂಂತಲೇ ರೋಗದ ಕೋಳಿ ತಂದು ಬಿಟ್ಟೆ ಅಂತಾಳೆ."

"ತಪ್ಪು ನಂದಮ್ಮ," ಎಂದರು ಅಕ್ಕ. "ನನ್ನ ಕಣ್ಣಿಂದು."

ನಾನು ತೊಟ್ಟಿಯ ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ. ನೀರಿನ ಸದ್ದಿನಲ್ಲಿ ಮುಂದಿನ ಮಾತು ಕೇಳಿಸಲಿಲ್ಲ.

ಈಗ ಅದೇ ಅಕ್ಕ ಹೊಸ ಕನ್ನಡಕದೊಳಗಿಂದ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು, ಅತ್ತಿತ್ತ ಓರೆ ಮಾಡಿ, ಕೊನೆಗೆ ನನ್ನ ಕಡೆ ಚಾಚಿದರು.

"ಹಾಸೋ ಗುಂಡಿಯೋ, ನೀನೇ ನೋಡಿ ಹೇಳಪ್ಪ. ಸೋಮವಾರದಿಂದ ನಾನು ಮುಂದಿನ ಕೋಣೆಗೆ ಹೋಗ್ತೀನಿ, ಕಾಗದ ಜೋಡಿಸೋಕೆ. ನಾನೇ ಕೇಳ್ಕೊಂಡೆ."

"ಅಕ್ಕಾ, ಆ ದಿನ ಹಾಲಿಗೆ ವಿಷ ಹಾಕಿದ್ದು ಯಾರು ಅಂತ ಪುಸ್ತಕ ಓದ್ತಾ ಕೂತು ತಟ್ಟೇನ ಬಿಸಿಲಲ್ಲೇ ಬಿಟ್ಟಿದ್ದೆ. ಎರಡು ಗಂಟೆ. ನೀವು ಬರೋ ಸದ್ದು ಕೇಳಿ ಫ್ರಿಜ್ಜಿಗೆ ತಳ್ಳಿದೆ."

ಅಕ್ಕ ನಕ್ಕರು. "ಇದು ಯಾವ ಪುಸ್ತಕದ್ದೋ? ಊರವರ ತಪ್ಪೆಲ್ಲ ತಲೆ ಮೇಲೆ ಹೊತ್ಕೊಳ್ಳೋ ನಾಯಕ. ನನ್ನನ್ನ ಸಮಾಧಾನ ಮಾಡೋಕೆ ಕಥೆ ಕಟ್ಟಬೇಡ. ತೊಳಿ, ತೊಳಿ."

ನನ್ನ ಸುಳ್ಳನ್ನು ಒಂದು 'ಹೂಂ'ಗೆ ನಂಬಿದವರು ನನ್ನ ನಿಜವನ್ನು ನಂಬಲಿಲ್ಲ.

"ನನ್ನನ್ನ ನಂಬಬೇಡಿ. ತಟ್ಟೆ ಹಾಕಿ ನೋಡಿ," ಎಂದೆ.

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅಕ್ಕ ಫ್ರೀಜರಿನಿಂದ ಕೊನೆಯ ಶೀಶೆಯನ್ನು ತೆಗೆದರು. ಎರಡು ತಟ್ಟೆ ಹಾಕಿದರು. ಅರ್ಧ ಗಂಟೆಗೆ ಎರಡರಲ್ಲೂ ಆರು ಕುಳಿಗಳವರೆಗೆ ಹಾಸು ಮೂಡಿತು. ಒಂದನ್ನು ಫ್ರಿಜ್ಜಿಗಿಟ್ಟು, ಇನ್ನೊಂದನ್ನು ಮುಚ್ಚಳದೊಂದಿಗೆ ಕಿಟಕಿಯ ಬಿಸಿಲಿನಲ್ಲಿಟ್ಟು, ಎದುರುಬದುರು ಸ್ಟೂಲಿನಲ್ಲಿ ಕೂತೆವು. ಒಂದು ಗಂಟೆಯ ಮೇಲೆ ಆರನೆಯ ಕುಳಿಯ ಹಾಸಿನ ಅಂಚು ಮಡಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ಹಾಸುಗಳು ಒಂದೊಂದಾಗಿ ನಡುವಿಗೆ ಜಾರಿ, ಕುಗ್ಗಿ, ಎರಡನೆಯ ಗಂಟೆ ತುಂಬುವ ಹೊತ್ತಿಗೆ ಸಾಲಿನಲ್ಲಿ ಎಂಟು ಕೆಂಪು ಗುಂಡಿಗಳಿದ್ದವು. ಫ್ರಿಜ್ಜಿನ ತಟ್ಟೆಯಲ್ಲಿ ಹಾಸು ಹಾಗೆಯೇ ಇತ್ತು.

ಅಕ್ಕ ಕನ್ನಡಕ ತೆಗೆದು ನೋಡಿದರು. ಹಾಕಿಕೊಂಡು ನೋಡಿದರು. ಮತ್ತೆ ತೆಗೆದು, ಮಡಚಿ, ಡಬ್ಬಿಯೊಳಗಿಟ್ಟರು.

"ಆ ದಿನ ನಾನು ನೋಡಿದ್ದು ಗುಂಡೀನೇ."

"ಹೂಂ, ಅಕ್ಕಾ."

ಡಬ್ಬಿಯ ಮುಚ್ಚಳ ಒತ್ತಿ ಕೇಳಿದರು: "ಆ ಪುಸ್ತಕ ಮುಗಿಸಿದೆಯಾ?"

"ಮುಗಿಸಿದೆ."

"ಯಾರು ವಿಷ ಹಾಕಿದ್ದು?"

ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಹಾಲಿನ ಲೋಟ, ಮುಚ್ಚಿದ ಬಾಗಿಲು, ಒಬ್ಬ ವಕೀಲ. ಯಾರೆಂಬುದು ನೆನಪಿಗೆ ಬರಲಿಲ್ಲ.

"ಸಾಹೇಬರಿಗೆ ಬರೆದು ಕೊಡು," ಎಂದರು ಅಕ್ಕ, ತಟ್ಟೆಗಳನ್ನು ಎತ್ತಿಕೊಳ್ಳುತ್ತ. ನನ್ನ ಕಡೆ ನೋಡಲಿಲ್ಲ. "ಹೇಗೂ ನೀನು ಕಿತ್ಕೊಂಡು ಹೋಗೋನು. ಹೋಗೋ ಮುಂಚೆ ಕೋಳಿಯಮ್ಮನ ತಂಗಿ ಮನೆಗೆ ಹೋಗಿ ನಿಜ ಹೇಳಿ ಹೋಗು."

ಸಾಹೇಬರಿಗೆ ಎರಡು ಪುಟ ಬರೆದುಕೊಟ್ಟೆ. ನಾಳೆಯಿಂದ ಬರುವುದು ಬೇಡವೆಂದರು. ಕೋಣೆಗೆ ಹೋಗಿ ಎರಡು ಅಂಗಿ, ಒಂದು ಹೊದಿಕೆ, ಹಲ್ಲುಜ್ಜುವ ಬ್ರಷ್ಷನ್ನು ಚೀಲಕ್ಕೆ ತುಂಬಿದೆ. ಪುಸ್ತಕಗಳನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟೆ. ಹದಿಮೂರು ಊರುಗಳನ್ನು ಬಿಟ್ಟಾಗಲೂ ಚೀಲ ಇಷ್ಟೇ ಇತ್ತು.

ರಸ್ತೆ ಕವಲೊಡೆಯುವಲ್ಲಿ ಬಸ್ ನಿಲ್ದಾಣ ಎಡಕ್ಕೆ, ಶೆಡ್ಡುಗಳ ಬೀದಿ ಬಲಕ್ಕೆ. ಹಾರನ್ ಹಾಕುತ್ತಿದ್ದ ಬಸ್ಸು ಹೊರಟುಹೋಗುವವರೆಗೆ ಅಲ್ಲಿಯೇ ನಿಂತಿದ್ದೆ. ಅನಂತರ ಬಲಕ್ಕೆ ತಿರುಗಿದೆ. ಬೀದಿಯ ಬಾಯಿಯಲ್ಲಿ ಸುರಿದಿದ್ದ ಸುಣ್ಣವನ್ನು ಯಾರೂ ಗುಡಿಸಿರಲಿಲ್ಲ. ಅದು ಚಪ್ಪಲಿಗೆ ಅಂಟಿಕೊಂಡು, ನಾನು ನಡೆದಂತೆಲ್ಲ ಬಿಳಿಯ ಹೆಜ್ಜೆಗಳು ಒಂದೊಂದಾಗಿ ನನ್ನ ಹಿಂದೆ ಬಿದ್ದುಕೊಂಡು ಬಂದವು.