ಅಂಗಳದಲ್ಲೊಂದು ಲಾರಿ

"ಸಿಟ್," ಎಂದರು ಹಲ್ಲಿನ ಡಾಕ್ಟರು, ಮತ್ತೊಮ್ಮೆ.

ಲಾರಿ ಕೂರಲಿಲ್ಲ. ಕಚ್ಚದಂತೆ ಮೂತಿಗೆ ಕಟ್ಟಿದ ಕುಕ್ಕೆಯೊಳಗಿಂದ ಅವರನ್ನೇ ನೋಡುತ್ತ ನಿಂತಿತು. ಲಾರಿ ಎಂದರೆ ಕರಿ ಮೈಯ, ಕಂದು ಹುಬ್ಬಿನ ರಾಟ್‌ವೈಲರ್ ನಾಯಿ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸುತ್ತ ನಿಂತವರು ಗೋಡೆಯತ್ತ ಸರಿದರು. ದಿನವಿಡೀ ಕಂಡಕಂಡವರ ಬಾಯಲ್ಲಿ ಕೈಯಿಡುವ ಡಾಕ್ಟರಿಗೆ ಭಯವಿದ್ದದ್ದು ಈ ಒಂದು ಬಾಯಿಯದೇ. ನಿವಾಸಿಗಳ ಸಂಘದ ಕಾರ್ಯದರ್ಶಿಯೂ ಅವರೇ. ಹೇಳಿದ ಮಾತನ್ನು ನಾಯಿ ಕೇಳಿದರೆ ಇರಲಿ, ಇಲ್ಲವಾದರೆ ಈ ವಾರವೇ ಜಾಗ ಖಾಲಿ ಮಾಡಲಿ ಎಂದು ಪರೀಕ್ಷೆ ಇಟ್ಟವರೂ ಅವರೇ.

ಹಗ್ಗ ಹಿಡಿದಿದ್ದ ಡ್ರೈವಿಂಗ್ ಟೀಚರ್ ಬೆವರಿದಳು. ತಪ್ಪು ನಾಯಿಯದಲ್ಲ, ಅವಳದೇ. ಯಾರೋ ಕಾವಲಿಗೆಂದು ತಂದು, ಸರಪಳಿ ಬಿಗಿದು ಕೆಣಕಿ, ಕೊನೆಗೆ ಇದು ಕಚ್ಚೋ ಜಾತಿ ಎಂದು ಕೈತೊಳೆದುಕೊಂಡಿದ್ದ ಪ್ರಾಣಿ ಅದು. ಅವಳು ಮನೆಗೆ ತಂದು, ಲಸಿಕೆ ಹಾಕಿಸಿ, ಎರಡು ಹೊತ್ತೂ ನಡೆಸಿ, ಕುಕ್ಕೆಯೊಳಗೆ ತಿಂಡಿಯಿಟ್ಟು, ಅದು ತಾನಾಗಿಯೇ ಮೂತಿ ತೂರಿಸುವಷ್ಟು ಪಳಗಿಸಿದ್ದಳು. ಅದರ ಗೊರಗೊರಕ್ಕೆ ನೆರೆಯವರು ನಡುಗಿದರೆ, "ಸಿಟ್ಟಲ್ರೀ, ಖುಷಿಯಾದ್ರೆ ಇವು ಹೀಗೇ ಗುನುಗ್ತವೆ. ಸಿಟ್ಟಿನ ದನಿ ಬೇರೆ," ಎಂದು ಎರಡನ್ನೂ ಅನುಕರಿಸಿ, ಊಟವಾದ ಮೇಲೆ ತನ್ನ ಮಾವ ಗೊಣಗುವುದನ್ನೂ ಜೊತೆಗೆ ಬಡಿಸುತ್ತಿದ್ದಳು.

ಆದರೆ ಪಾಠ ಕಲಿಸಿದ್ದು ಎಲ್ಲಿ? ಕಾರು ಕಲಿಸುವ ಮೈದಾನದಲ್ಲಿ, ಬಿಡುವಾದಾಗಲೆಲ್ಲ, ತನ್ನ ಬಾಯಿಗೆ ರೂಢಿಯಾದ ಮಾತಿನಲ್ಲೇ. ಅದನ್ನಿಲ್ಲಿ ಬಾಯಿಬಿಟ್ಟು ಹೇಳಿದರೆ ನಗೆಪಾಟಲು.

"ಅಲ್ಲಾಡೋ ಹಲ್ಲನ್ನ ಬೇಗ ಕಿತ್ರೆ ನೋವು ಕಮ್ಮಿ, ಟೀಚರ್," ಎಂದರು ಡಾಕ್ಟರು, ರೋಗಿಗೆ ಬಾಯಿ ದೊಡ್ಡದಾಗಿ ತೆಗೀರಿ ಎನ್ನುವ ಅದೇ ಮೆತ್ತನೆಯ ದನಿಯಲ್ಲಿ.

ಅಷ್ಟರಲ್ಲಿ ಮೇಲ್ಮನೆ ಅಜ್ಜಿಯ ಕಂಕುಳಿಂದ ಬಿಳಿ ಪೊಮೆರೇನಿಯನ್ ಜಾರಿತು. ಎಲ್ಲರೂ ಮುದ್ದಿಸುವ, ಕೊರಳಿಗೆ ಹಗ್ಗವನ್ನೇ ಕಾಣದ ಹತ್ತಿಯುಂಡೆ ಅದು. ಕಿರುಚುತ್ತ ನೇರ ಬಂದು ಲಾರಿಯ ಮುಂಗಾಲಿಗೆ ಹಲ್ಲೂರಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಲಾರಿಯ ಬೆನ್ನ ಕೂದಲು ನಿಮಿರಿತು, ಹಗ್ಗ ಬಿಗಿಯಿತು. ಇನ್ನು ಮಾನ ಮರ್ಯಾದೆ ನೋಡುವ ಹೊತ್ತಲ್ಲ.

"ನ್ಯೂಟ್ರಲ್," ಎಂದಳು, ಹೊಸ ಡ್ರೈವರನ ಪಕ್ಕ ಕೂತು ಹೇಳುವ ತಣ್ಣನೆಯ ದನಿಯಲ್ಲಿ.

ಲಾರಿಯ ಮೈ ಸಡಿಲವಾಯಿತು.

"ರಿವರ್ಸ್."

ಅಷ್ಟು ದೊಡ್ಡ ನಾಯಿ ಒಂದೊಂದೇ ಕಾಲು ಹಿಂದಿಡುತ್ತ, ಹೂಕುಂಡಗಳ ಇಕ್ಕಟ್ಟಿನಲ್ಲಿ ಎಲ್ಲೂ ತಾಗದೆ ಸರಿಯಿತು. ಹತ್ತಿಯುಂಡೆ ಬೊಗಳುತ್ತಲೇ ಇತ್ತು.

"ಪಾರ್ಕಿಂಗ್."

ಗೋಡೆಗೆ ಸಮನಾಗಿ ಕೂತುಬಿಟ್ಟಿತು.

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕು ಚಪ್ಪಾಳೆ ತಟ್ಟಿತು. ತಮ್ಮ ಅಳಿಯನಿಗೂ ಇಷ್ಟು ಚಂದ ಕಾರು ಹಿಂದೆ ತೆಗೆಯೋಕೆ ಬರಲ್ಲ ಎಂದರು ಕೆಳಮನೆಯವರು. ಡಾಕ್ಟರು ಗಂಟಲು ಸರಿಮಾಡಿಕೊಂಡು, ಪ್ರಶ್ನೆಪತ್ರಿಕೆಯೇ ತಪ್ಪಾಗಿತ್ತು ಎಂದು ಒಪ್ಪಿ, ಲಾರಿ ಇಲ್ಲೇ ಇರಲಿ ಎಂದು ಎಲ್ಲರೆದುರು ಸಾರಿದರು. ಆ ಹುರುಪಿನಲ್ಲೇ, ಇನ್ನು ಕುಕ್ಕೆ ಹಗ್ಗವೆಲ್ಲ ಯಾಕೆ, ಬಿಚ್ಚಿಬಿಡಿ ಎಂದೂ ಸೇರಿಸಿದರು.

"ಲೈಸೆನ್ಸ್ ಸಿಕ್ತು ಅಂತ ಸೀಟ್ ಬೆಲ್ಟ್ ಬಿಚ್ಚಿ ಬಿಸಾಕ್ತಾರೇನ್ರಿ, ಡಾಕ್ಟ್ರೇ?" ಎಂದಳು ಟೀಚರ್, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು.

ಅಜ್ಜಿ ಹತ್ತಿಯುಂಡೆಯನ್ನು ಹಿಡಿದು ಡಾಕ್ಟರ ಕೈಗೆ ತುರುಕಿ ಹತ್ತಿರ ಬಂದರು. ಮುಟ್ಲಾ ಎಂದು ಕೇಳಿದ್ದು ಟೀಚರನ್ನೋ ನಾಯಿಯನ್ನೋ ತಿಳಿಯಲಿಲ್ಲ. ಎದುರಿಂದ ಬೇಡ, ಪಕ್ಕದಲ್ಲಿ ನಿಂತ್ಕೊಳ್ಳಿ, ಬೇಕಾದ್ರೆ ಅದೇ ಬರುತ್ತೆ ಎಂದಳು ಅವಳು. ಅಜ್ಜಿ ನಿಂತರು. ಸ್ವಲ್ಪ ಹೊತ್ತಿಗೆ ಲಾರಿ ಎದ್ದು ಬಂದು, ಮೈಭಾರವನ್ನೆಲ್ಲ ಅವರ ಮೊಣಕಾಲಿಗೆ ಒರಗಿಸಿತು. ಅಜ್ಜಿ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದನ್ನು ಆ ಕರಿ ಬೆನ್ನ ಮೇಲಿಟ್ಟು, ಅಲ್ಲಾಡದೆ ನಿಂತರು.