ಭಂಡಾರದ ಗಂಟು

ನನ್ನ ಮಗ ಮಾರುತೇಶ ತ್ಯಾವಣಿಗೆ ಕಡೆಯ ತೋಟಗಳಲ್ಲಿ ಅಡಿಕೆ ಇಳಿಸುತ್ತಿದ್ದ. ಒಂದು ಮರ ಹತ್ತಿದರೆ ನೆಲಕ್ಕಿಳಿಯುತ್ತಿರಲಿಲ್ಲ. ಮರವನ್ನು ತೂಗಿ ತೂಗಿ ಪಕ್ಕದ ಮರಕ್ಕೆ ದಾಟುತ್ತಿದ್ದ. ಹೋದ ವರ್ಷದ ಕಾರ್ತಿಕದಲ್ಲಿ ಹಾಗೆ ದಾಟುವಾಗ ಕೈ ತಪ್ಪಿತು. ಅಂದಿನಿಂದ ಎತ್ತರದ ಕಡೆ ನಾನು ತಲೆಯೆತ್ತಿ ನೋಡಿಲ್ಲ.

ಅವನ ಮಗಳು ನೇತ್ರಾವತಿ ಗಡಿ ಕಾಯುವ ಪಡೆ ಸೇರಿ ಹಿಮದ ಮೇಲೆ ಜಾರುವುದನ್ನು ಕಲಿತಳು. ಅಲ್ಲಿಂದ ಸ್ಕೀ ಜಂಪಿಂಗಿಗೆ ಹೋದಳು. ಕಾಲಿಗೆ ಉದ್ದನೆಯ ಹಲಗೆ ಪಟ್ಟಿ ಕಟ್ಟಿಕೊಂಡು, ಎತ್ತರದಿಂದ ಜಾರಿ ಬಂದು ಗಾಳಿಗೆ ಹಾರುವ ಆಟ. ಎರವಲು ಪಡೆದ ಹಳೆಯ ಪಟ್ಟಿಗಳಲ್ಲಿ ಪರದೇಶದಲ್ಲಿ ಹಾರಿ, ಮೂವತ್ತೆಂಟು ಜನರಲ್ಲಿ ಕೊನೆಯವಳಾಗಿದ್ದಳು.

ತಂದೆಯ ವರ್ಷದ ಕಾರ್ಯಕ್ಕೆ ನಮ್ಮೂರು ಸೊಕ್ಕೆಗೆ ಬಂದಾಗ, ಆಟದ ದಿನ ಮಾತ್ರ ತೊಡುವ ಹಾರುವ ಅಂಗಿಯನ್ನೂ ತಂದಿದ್ದಳು. ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಚೌಡೇಶ್ವರಿ ತಾಯಿಯ ಭಂಡಾರದ ಅರಿಶಿನವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಅಂಗಿಯ ಕಂಕುಳ ಬಳಿ ಒಳಗಿನಿಂದ ಹೊಲಿದುಬಿಟ್ಟೆ. ಮಗನಿಗೆ ಕಟ್ಟಲಿಲ್ಲವಲ್ಲ ಎಂಬ ಕೊರಗು.

ಪುಷ್ಯದ ಒಂದು ಮಧ್ಯಾಹ್ನ ಪರದೇಶದಲ್ಲಿ ಅವಳ ಆಟ. ಸೊಸೆ ದುರುಗಮ್ಮನ ಫೋನಿಗೆ ಮೊಮ್ಮಗಳ ಕರೆ ಬಂತು.

"ಅಜ್ಜಾ, ಟೈಲರ್ ಕೆಲಸ ಯಾವಾಗ ಕಲ್ತಿ?"

"ಅಮ್ಮನ ಭಂಡಾರ ಕಣವ್ವ."

"ಹಾರಾಕೆ ಮುಂಚೆ ಅಂಗಿ ತಡವಿ, ಅಳತೆ ಹಾಕಿ ನೋಡ್ತಾರೆ. ಒಳಗೆ ಏನಾದ್ರೂ ಇದ್ರೆ ಆಟದಿಂದ ಹೊರಗೇ. ಅರ್ಧ ಗಂಟೆ ಐತೆ. ಕತ್ತರಿ ಹಿಡ್ಕೊಂಡು ಕುಂತೀನಿ, ಬಿಚ್ಚಾಕೆ ಕೈ ಬರ್ತಿಲ್ಲ. ನೀನು ಬಿಚ್ಚು ಅಂದ್ರೆ ಬಿಚ್ತೀನಿ, ಇಲ್ಲಾಂದ್ರೆ ಇಲ್ಲ."

ಬೇಡ ಎಂದರೆ ಸಾಕಿತ್ತು. ಅವಳು ನೆಲದ ಮೇಲೇ ಉಳಿಯುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು. ದುರುಗಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

"ಬಿದ್ರೆ?" ಎಂದೆ.

"ಎಷ್ಟೋ ಸಲ ಬಿದ್ದೀನಿ ಅಜ್ಜ. ನಿಂಗೆ ಹೇಳಿಲ್ಲ ಅಷ್ಟೇ. ಎರಡು ವರ್ಷ ಕಾದು ಸಿಕ್ಕೈತೆ ಈ ಅವಕಾಶ."

ದೇವರ ಗೂಡಿನ ಕಡೆ ತಿರುಗಿದೆ. ದೀಪ ಉರಿಯುತ್ತಿತ್ತು.

"ಬಿಚ್ಚವ್ವ. ಭಂಡಾರ ನೆಲಕ್ಕೆ ಚೆಲ್ಲಬ್ಯಾಡ, ಹಣೆಗೆ ಹಚ್ಕೋ."

ಅರ್ಧ ಗಂಟೆಯ ಮೇಲೆ ಫೋನಿನ ಪರದೆಯಲ್ಲಿ ಅವಳು ಬೆರಳುದ್ದ ಕಾಣುತ್ತಿದ್ದಳು. ಜಾರಿ ಬಂದಳು, ಗಾಳಿಗೆ ಬಿದ್ದವಳೇ ಮೈಯನ್ನು ಮುಂದಕ್ಕೆ ಚಾಚಿದಳು. ಎರಡು ಮರಗಳ ನಡುವೆ ಮಾರುತೇಶ ಹೀಗೆಯೇ ಚಾಚುತ್ತಿದ್ದ. ನಾನು ಕಣ್ಣು ಮುಚ್ಚಿದೆ.

"ದುರುಗವ್ವಾ, ನೆಲ ಮುಟ್ಟಿದ್ಲಾ?"

ತಾಯಿಯ ಹೆಸರೂ ನನ್ನ ನಾಲಿಗೆಗೆ ಬರಲಿಲ್ಲ.

"ನಿಂತ್ಲು ಮಾವ!" ಎಂದು ಅತ್ತಳು ಸೊಸೆ. "ಕಡೆಯೋಳಲ್ಲ ಈ ಸಲ. ಹಿಂದೆ ಇಬ್ರು ಅದಾರೆ."

ಕೈ ಮುಗಿದು ಏಳಲು ಹೋದೆ.

"ಕುಂತ್ಕೊಳ್ರಿ ಮಾವ," ಎಂದಳು ಕಣ್ಣೊರೆಸಿಕೊಂಡು. "ಎಲ್ರೂ ಇನ್ನೊಂದು ಸಲ ಹಾರಬೇಕಂತೆ."

ಗೋಡೆ ಹಿಡಿದು ಮತ್ತೆ ಕುಳಿತೆ.